ಕೊಕ್ಕೆ ಆಮೇಲೆ

ನನ್ನದು ತೊಟ್ಟಿ, ಅವನದು ಉಳಿ.
ಅಮಾಮಿ ದ್ವೀಪದ ಈ ಸಣ್ಣ ಬಂದರಿನಲ್ಲಿ
ನಲವತ್ತೊಂದು ವರ್ಷದಿಂದ
ಒಂದೇ ಸೂರಿನಡಿ ಎರಡು ಅಂಗಡಿ.

ನಾನು ಮಾರುವುದು ಜೀವ:
ಬಂಗುಡೆಯ ದೂರದ ದಾಯಾದಿ, ಗೇಣುದ್ದದ ಅಜಿ ಮೀನು.
ಒಂದಕ್ಕೆ ನೂರೈವತ್ತು ಯೆನ್,
ದಾರಿಯಲ್ಲಿ ಸತ್ತರೆ ನಿಮ್ಮ ಹಣೆಬರಹ.
ಗಾಳಿಯ ಪಂಪು ರಾತ್ರಿಯಿಡೀ ಗೊರಗುಟ್ಟದಿದ್ದರೆ
ನನಗೆ ನಿದ್ದೆ ಹತ್ತುವುದಿಲ್ಲ.

ಇವಾಕಿಚಿ ಕೆತ್ತುವುದು ಸುಳ್ಳು:
ಹಗುರ ಮರದ ತುಂಡಿಗೆ ಸಿಗಡಿಯ ಗೂನು,
ಹೊಟ್ಟೆಗೆ ಸೀಸ, ಗಾಜಿನ ಕಣ್ಣು,
ಮೈಗೆ ಬಟ್ಟೆ.
ಒಮ್ಮೆ ನನ್ನತ್ತೆ ನೇಯ್ದ ರೇಷ್ಮೆಯನ್ನೇ,
ಗದ್ದೆಯ ಕೆಸರಲ್ಲಿ ನೂರು ಸಲ ಅದ್ದಿ ಕಪ್ಪಾಗಿಸಿದ್ದನ್ನು,
ಕೇಳದೆ ಕತ್ತರಿಸಿದ.
ಮೂರು ದಿನ ಮನೆಯಲ್ಲಿ ಮಾತಿಲ್ಲ.
ಮೂರನೇ ರಾತ್ರಿ ಆ ಚಿಂದಿಯನ್ನು ತಬ್ಬಿಕೊಂಡು
ಎರಡು ಕಿಲೋ ಬೊಂಡಾಸ ಮೇಲೆ ಬಂತು.
ಮಾತೂ ಬಂತು.

ಹಿಂದೆ ಯಾರದೋ ಪಂಜಿನಿಂದ
ಕೊಳ್ಳಿಯೊಂದು ನೀರಿಗೆ ಬಿತ್ತಂತೆ,
ಬೊಂಡಾಸ ಅದನ್ನು ಎದೆಗವಚಿಕೊಂಡಿತಂತೆ,
ಅಂದಿನಿಂದ ಈ ಕಸುಬು ಎನ್ನುತ್ತಾನೆ.
ಸುಟ್ಟ ಕಟ್ಟಿಗೆಯನ್ನು ಅಪ್ಪಿದ್ದು ಹಸಿವೋ ಮತ್ತೇನೋ
ಎಂದು ಕೇಳಿದರೆ
ಉಳಿಯ ಮೊನೆ ನೋಡುತ್ತಾನೆ.

ಮೊನ್ನೆ ಕಾಗೊಶಿಮಾದ ಹಡಗಿಳಿದು ಒಬ್ಬಳು ಹುಡುಗಿ,
ಹೊಸ ಕೋಲು, ಬೆಲೆಚೀಟಿ ಇನ್ನೂ ತೂಗುತ್ತಿತ್ತು,
ನಮ್ಮಿಬ್ಬರ ನಡುವೆ ನಿಂತು ಕೇಳಿದಳು:
ಯಾವುದು ಒಳ್ಳೇದು?

ಅಜಿಗೆ ಈಜು ಕಲಿಸಬೇಕಿಲ್ಲ, ಎಂದೆ.
ಭಯವೇ ಅದರ ಕುಣಿತ.
ನೀನು ಸುಮ್ಮನೆ ಕೂತರೆ ಸಾಕು.

ಮರ ಸಾಯುವುದಿಲ್ಲ, ಎಂದ ಅವನು.
ಆದರೆ ಜೀವ ನಿನ್ನ ಮಣಿಕಟ್ಟಿನಿಂದ ಹೋಗಬೇಕು.
ಜಗ್ಗು, ಜಗ್ಗು, ಆಮೇಲೆ ಬೀಳಲು ಬಿಡು.
ಅದು ಅಪ್ಪುವುದು ಬೀಳುವಾಗಲೇ.

ಸುಳ್ಳು ತೋರಿಸಿ ಹಿಡಿಯುವುದಕ್ಕಿಂತ
ಊಟ ಕೊಟ್ಟು ಹಿಡಿಯುವುದು ಮೇಲಲ್ಲವೇ, ಎಂದೆ,
ಹುಡುಗಿಗೆ ಹೇಳುವಂತೆ, ಅವನಿಗೆ.

ಅವನು ಸಿಗಡಿಯನ್ನು ತಿರುಗಿಸಿ ಬಾಲ ತೋರಿಸಿದ.
ನೋಡು ಮಗೂ, ನನ್ನ ಸುಳ್ಳು
ಮುಳ್ಳನ್ನು ಹೊರಗೇ ಹೊತ್ತು ಹೋಗುತ್ತದೆ.
ಇವಳ ಮೀನಿನಲ್ಲಿ ಬೊಂಡಾಸಕ್ಕೆ ಮುಳ್ಳೇ ಇಲ್ಲ.
ಬಾಲಕ್ಕೆ ದಾರ ಕಟ್ಟಿ ಬಿಡುತ್ತಾಳೆ,
ಅದು ಹಿಡಿದು ಉಣ್ಣಲು ಕೂರುವವರೆಗೆ ಕಾಯುತ್ತಾಳೆ,
ನಾಲ್ಕು ತುತ್ತು ಒಳಗಿಳಿದ ಮೇಲೆ
ಅದೇ ದಾರದ ಮೇಲೆ ಜಾರಿಸುತ್ತಾಳೆ ಕೊಕ್ಕೆ.
ಇವಳದು ಕೊಕ್ಕೆ ಆಮೇಲೆ.

ಹುಡುಗಿ ನಕ್ಕಳು.
ಒಂದು ಬಾಟಲಿ ತಣ್ಣಗಿನ ಚಹಾ ಕೊಂಡು
ಕಟ್ಟೆಯ ಮೇಲೆ ಯಾರ್ಯಾರದೋ ಬೇಟೆಯ
ಒಣಗಿದ ಮಸಿಯ ಕಲೆ ನೋಡುತ್ತಾ ಹೋದಳು.

ರಾತ್ರಿ ಒಬ್ಬಳೇ ಇಳಿದೆ, ಬಕೆಟ್ಟಿನಲ್ಲಿ ಒಂದೇ ಅಜಿ.
ದಾರ ಓಡಿತು, ಓಡಿತು, ನಿಂತಿತು.
ನಿಂತಿತು ಅಂದರೆ ಉಣ್ಣುತ್ತಿದೆ:
ಗಿಣಿಯಂಥ ಕೊಕ್ಕು, ತಲೆಯ ಹಿಂದೆ ಮೊದಲ ತುತ್ತು.
ನಡುಕವೊಂದು ದಾರ ಹತ್ತಿ ಬಂದು
ನನ್ನ ಬೆರಳಲ್ಲಿ ಕೂತಿತು.

ಬಲಗೈಯಲ್ಲಿ ಕೊಕ್ಕೆ.
ಇಷ್ಟು ವರ್ಷ ಯೋಚಿಸದೆ ಜಾರಿಸಿದ್ದು.
ಇವತ್ತು ಎಣಿಸಿದೆ. ಇಪ್ಪತ್ತು. ಉಣ್ಣಲಿ.
ನಲವತ್ತು. ಉಣ್ಣಲಿ ಪಾಪ.
ಎಪ್ಪತ್ತಕ್ಕೆ, ಮನೆಯಲ್ಲಿ ಅನ್ನವಿಟ್ಟು ಬಂದದ್ದು ನೆನಪಾಗಿ,
ಜಾರಿಸಿದೆ.

ತೋಳೆಲ್ಲ ಮಸಿ.
ಯಾವುದಕ್ಕೆ ಬಿತ್ತು ಎಂದು ಇವಾಕಿಚಿ ಕೇಳಲಿಲ್ಲ,
ನೀರು ಕಾಯಿಸಿಟ್ಟ.
ಅರ್ಧ ತಿಂದ ಅಜಿಯನ್ನು ದೀಪಕ್ಕೆ ಹಿಡಿದರೆ
ಕಣ್ಣು ಅವನ ಗಾಜಿನ ಕಣ್ಣಿನಂತೆಯೇ ಇತ್ತು,
ಅದೇ ಸುತ್ತಿನ ಹಳದಿ, ಅದೇ ಕಪ್ಪು ಚುಕ್ಕೆ.
ನಾನು ಮಲಗಿದ ಮೇಲೆ
ಎಷ್ಟು ರಾತ್ರಿ ಕೂತಿದ್ದನೋ
ನನ್ನ ತೊಟ್ಟಿಯ ಮುಂದೆ.