ರಸಮಟ್ಟ

ಎತ್ತರಿಸಿಕೊಡಿ ಎಂದು ಬಂದವರೇ ಎಲ್ಲ
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಈ ತಗಡಿನ ಸೂರಿಗೆ.
ಇನ್ನೊಂದು ಪ್ಲೇಟು ಹಾಕಿ, ಇನ್ನೆರಡು ಹಾಕಿ,
ಜಲ್ಲಿ ತುಂಬಬೇಕು, ಶುಂಠಿ ತುಂಬಬೇಕು,
ಆರ್‌ಟಿಓ ಕಣ್ಣಿಗೆ ಭಾರ ಕಾಣಬಾರದು.
ಮೂವತ್ತೊಂದು ವರ್ಷದಲ್ಲಿ
ಇಳಿಸಿಕೊಡಿ ಎಂದವನು ಗುತ್ಯಪ್ಪ ಒಬ್ಬ.

ರಿಪ್ಪನ್‌ಪೇಟೆಯಿಂದ ಬಂದಿದ್ದ. ಪಿಕಪ್ಪಿನ ಹಿಂದೆ
ಹೊಸ ಟ್ರೇಲರು, ಇನ್ನೂ ಬಣ್ಣದ ವಾಸನೆ.
ಜೇಬಿನಿಂದ ಪೆನ್ನು ತೆಗೆದ ಹಾಗೆ ತೆಗೆದ
ಗಾರೆಯವರ ರಸಮಟ್ಟ, ಗೇಣುದ್ದದ್ದು.
ಟ್ರೇಲರಿನ ಹಲಗೆಯ ಮೇಲಿಟ್ಟ.
ಹಸಿರು ನೀರಲ್ಲಿ ಗುಳ್ಳೆ
ಓಡಿಹೋಗಿ ಮುಂದಿನ ಮೂಲೆ ಹಿಡಿದು ಕೂತಿತು.

"ನೋಡಿ ದಸ್ತಗೀರಣ್ಣ, ಗಾಡಿ ಅಂಡು ಎತ್ತಿ ನಿಂತಿದೆ,
ಕೊಂಡಿ ಮೇಲೆ, ಟ್ರೇಲರಿನ ಮೂತಿ ಆಕಾಶಕ್ಕೆ,
ನಲವತ್ತು ಪೆಟ್ಟಿಗೆ ಹಿಂದಕ್ಕೆ ವಾಲ್ತವೆ.
ಹುಳಕ್ಕೆ ಹೆಂಗೆ ಹೇಳ್ಲಿ, ಹಿಡ್ಕೊಂಡು ಕೂತ್ಕೊಳ್ಳಿ ಅಂತ?
ಹೋದ್ಸಲ ಹಿರಿಯೂರಿನ ಸೂರ್ಯಕಾಂತಿಗೆ ಒಯ್ದಾಗ
ಎರಿ ಕಳಚಿ ಒಂದರ ಮೇಲೊಂದು ಬಿದ್ದು
ಜೇನು ಜೇನಲ್ಲೇ ಮುಳುಗಿ ಸತ್ತಿತ್ತು. ಏಳು ಪೆಟ್ಟಿಗೆ."

ಜಾಕಿ ಕೊಟ್ಟೆ. ಚಕ್ರ ಬಿಚ್ಚಿದೆ.
ಯು-ಬೋಲ್ಟು ಯಾವ ಬೈಗುಳಕ್ಕೂ ಜಗ್ಗಲಿಲ್ಲ;
ಡೀಸೆಲ್ ಹೊಯ್ದು, ಟೀ ಕುಡಿದು ಬಂದ ಮೇಲೆ
ತಾನಾಗಿ ಎಂಬಂತೆ ತಿರುಗಿತು.
ಕಮಾನು ಬಿಚ್ಚಿ ನೆಲಕ್ಕಿಟ್ಟು ಎಣಿಸಿದರೆ ಒಂಬತ್ತು ಪ್ಲೇಟು.
ಕಂಪನಿ ಕೊಟ್ಟದ್ದು ಏಳು.
ಹೆಚ್ಚಿನ ಎರಡರಲ್ಲಿ ಒಂದರ ಅಂಚಿಗೆ
ಮಣ್ಣು ಕೆರೆದಾಗ ಕಂಡಿತು ಉಳಿಯ ಗುರುತು:
ಮೂರು ಚುಕ್ಕೆ, ಒಂದು ಗೀಟು.
ನನ್ನದೇ.

ಯಾವ ವರ್ಷವೋ ನೆನಪಿಲ್ಲ. ಇವನ ಕೈಗೆ ಬರುವ ಮೊದಲು
ಆಯನೂರಿನ ಯಾರದ್ದೋ ಗಾಡಿ, ಕೆಂಪುಕಲ್ಲು ಹೊರುತ್ತಿತ್ತಂತೆ.
ನಾನೇ ಹಾಕಿದ್ದೆ, ದುಡ್ಡು ಎಣಿಸಿಕೊಂಡು
ಬಾಡಿ ತಟ್ಟಿ ಕಳಿಸಿದ್ದೆ: ಇನ್ನು ಎಷ್ಟು ಬೇಕಾದರೂ ಹೇರು.
ಕಲ್ಲು ಇಳಿದು ಎಷ್ಟೋ ಕಾಲವಾಯಿತು,
ಕಬ್ಬಿಣಕ್ಕೆ ಯಾರೂ ಹೇಳಿರಲಿಲ್ಲ.
ಇಲ್ಲದ ಹೊರೆಗೆ ಬೆನ್ನು ಸೆಟೆದು ನಿಂತೇ ಇತ್ತು.

ಗುತ್ಯಪ್ಪನಿಗೆ ಇದನ್ನು ಹೇಳಲಿಲ್ಲ. ಕೂಲಿಯಲ್ಲಿ ಇನ್ನೂರು ಬಿಟ್ಟೆ.
ಯಾಕೆಂದು ಅವನೂ ಕೇಳಲಿಲ್ಲ.

ಎರಡು ತೆಗೆದೆ. ಉಳಿದವನ್ನು ತಣ್ಣಗೇ ಬಡಿದು
ಬಾಗು ಒಂದಿಷ್ಟು ಸಡಿಲಿಸಿದೆ, ಏಟಿಗೆ ಒಂದು ಕೂದಲೆಳೆ.
ಕಾಯಿಸಿದರೆ ಬೇಗ ಬಗ್ಗುತ್ತದೆ,
ಆಮೇಲೆ ಯಾವತ್ತೂ ಎದ್ದು ನಿಲ್ಲುವುದಿಲ್ಲ.
ಇದು ನನ್ನ ಉಸ್ತಾದರು ಕಪಾಳಕ್ಕೆ ಕೊಟ್ಟು ಕಲಿಸಿದ್ದು.

ಜೋಡಿಸಿ ಇಳಿಸಿದರೆ ಗುಳ್ಳೆ ಇನ್ನೂ ಅರ್ಧ ಗೀಟು ಆಚೆ.
"ಭಾರ ಇಲ್ಲದೆ ನೋಡಿದರೆ ಮಟ್ಟವೂ ಸುಳ್ಳು ಹೇಳುತ್ತೆ" ಅಂದೆ.
ನಲವತ್ತು ಪೆಟ್ಟಿಗೆ ಎಲ್ಲಿಂದ ತರುವುದು?
ಕೂಗಿದೆ: ಪಂಕ್ಚರಿನ ನಾಗೋಜಿ, ರೇಡಿಯೇಟರ್ ಸ್ಟೀವನ್,
ಲೋಟ ಒಯ್ಯಲು ಬಂದ ಹುಡುಗ ಚಾಂದ್,
ವಿಮೆಯ ಕಾಗದ ಹಿಡಿದು ನಿಂತಿದ್ದ ದಪ್ಪನೆಯ ಏಜೆಂಟರು,
ಜೊತೆಗೆ ಎರಡು ಗೇರ್‌ಬಾಕ್ಸು, ಒಂದು ಸತ್ತ ಬ್ಯಾಟರಿ.
ಎಲ್ಲ ಹತ್ತಿ, ಪೆಟ್ಟಿಗೆಗಳ ಜಾಗದಲ್ಲಿ ಸಾಲಾಗಿ ಕೂತರು.
ಅಲ್ಲಾಡಬೇಡಿ, ಎಂದ ಗುತ್ಯಪ್ಪ, ರಸಮಟ್ಟಕ್ಕೆ ಕಣ್ಣಿಟ್ಟು.

ರಸ್ತೆಯ ಲಾರಿ ಬಿಟ್ಟರೆ ಸದ್ದಿಲ್ಲ.
ಉಸಿರು ಹಿಡಿದು ಕೂತಿದ್ದಾರೆ, ಯಾವುದೋ ಹೂವಿಗೆ ಹೊರಟವರ ಹಾಗೆ.
ಗುಳ್ಳೆ ಅತ್ತ ನೋಡಿತು, ಇತ್ತ ನೋಡಿತು,
ಎರಡು ಗೀಟಿನ ನಡುವೆ ಬಂದು ನಿಂತಿತು.
ಏಜೆಂಟರಿಗೆ ನಗು ಬಂತು.
ಹೋಯಿತು ಮತ್ತೆ.
"ಸಾಕು ಬಿಡಿ, ಕಂಡೆ" ಎಂದ ಗುತ್ಯಪ್ಪ.

ತೆಗೆದ ಪ್ಲೇಟುಗಳಲ್ಲಿ ಒಂದನ್ನು ಒಯ್ದಿದ್ದಾನೆ.
ಭದ್ರಾವತಿಯ ಕುಲುಮೆಯಲ್ಲಿ ಬಡಿಸಿ
ಮೇಣ ಕಚ್ಚಿದ ಚೌಕಟ್ಟು ಎಬ್ಬಿಸುವ ಉಳಿ ಮಾಡಿಸುತ್ತಾನಂತೆ.
ಗುರುತಿದ್ದದ್ದು ಇಲ್ಲೇ ಇದೆ, ಬಾಗಿಲಿಗೆ ಆನಿಸಿದ್ದೇನೆ,
ಗಾಳಿಗೆ ಹೊಡೆದುಕೊಳ್ಳದ ಹಾಗೆ.

ಸಂಜೆ ಮಾಚೇನಹಳ್ಳಿಯಿಂದ ಒಬ್ಬ ಬಂದ. ಮರಳು.
"ಎರಡು ಹೆಚ್ಚಿಗೆ ಹಾಕಿ."
ಎಷ್ಟು ದಿನ ಹೊರುತ್ತೀಯ, ಎಂದು ಕೇಳಿದೆ.
ಅವನಿಗೆ ಅರ್ಥವಾಗಲಿಲ್ಲ.