ಒಂದೇ ಪ್ರತಿ, ಎರಡು ಗುರುತು

ಈಸ್ಟರ್ ವಾರ. ನಾರ್ವೆಯವರಾದ ನಮಗೆ
ಈ ವಾರ ಒಂದು ಕೊಲೆ ಬೇಕೇ ಬೇಕು.
ಹಾಲಿನ ಡಬ್ಬಿಯ ಮೈಮೇಲೂ ಪುಟ್ಟದೊಂದು ಅಪರಾಧ ಅಚ್ಚಾಗಿರುತ್ತದೆ,
ಕಾಫಿಗೆ ಹಾಲು ಬಗ್ಗಿಸುತ್ತಲೇ ಸುಳಿವು ಹುಡುಕುತ್ತೇವೆ.
ಕಿತ್ತಳೆ, ಚಾಕೊಲೇಟು, ಒಂದು ಹೆಣ:
ಬೆನ್ನಚೀಲ ತುಂಬಿಕೊಂಡು ಬೆಟ್ಟ ಹತ್ತುತ್ತೇವೆ.

ಹಾಲಿಂಗ್‌ದಾಲ್ ಕಣಿವೆಯ ಮೇಲೆ, ಕರೆಂಟಿಲ್ಲದ ದಿಮ್ಮಿಗಳ ಮನೆ,
ಐವಿಂದನ ಅಜ್ಜ ಕಟ್ಟಿದ್ದು. ಒಂದು ಒಲೆ, ಎರಡು ಮಂಚ,
ಯೈಲೊ ಸ್ಟೇಷನ್ನಿನಲ್ಲಿ ಕೊಂಡ ಒಂದೇ ಪುಸ್ತಕ.
ಎರಡು ಕೊಳ್ಳೋಣ ಎಂದೆ. ಒಂದು ಸಾಕು, ಎಂದ,
ನೀನು ಹಗಲು ಓದು, ನಾನು ರಾತ್ರಿ.

ಕತೆಯಲ್ಲಿ ಒಬ್ಬ ಹೆಂಡತಿ. ಅವಳ ಮನೆಯಲ್ಲಿ
ಯಾರೋ ಚಿಕ್ಕ ಚಿಕ್ಕ ವಸ್ತುಗಳ ಜಾಗ ಬದಲಿಸುತ್ತಾರೆ.
ಉಪ್ಪಿನ ಡಬ್ಬಿ ಬಲದಿಂದ ಎಡಕ್ಕೆ.
ಗಡಿಯಾರ ನಾಲ್ಕು ನಿಮಿಷ ಹಿಂದಕ್ಕೆ.
ಗಂಡನನ್ನು ಕೇಳಿದರೆ ಅವನು ಅವಳ ಹಣೆ ಮುಟ್ಟಿ ನೋಡುತ್ತಾನೆ.
ಅಷ್ಟೇ. ರಕ್ತವಿಲ್ಲ, ಚೂರಿಯಿಲ್ಲ;
ಆ ತಣ್ಣಗಿನ ಅಂಗೈ ಒಂದಕ್ಕೇ
ನನ್ನ ಕಾಫಿ ಆರಿಹೋಯಿತು.

ರಾತ್ರಿ ಅವನ ಸರದಿ. ಸೀಮೆಎಣ್ಣೆ ದೀಪ ಅವನ ಕಡೆಗೆ.
ನಿದ್ದೆ ಬಂದವಳ ಹಾಗೆ ಉಸಿರಾಡುತ್ತ
ಪುಟ ಮಗುಚುವ ಸದ್ದು ಎಣಿಸಿದೆ.
ಒಂದು ಕಡೆ ಬಹಳ ಹೊತ್ತು ಸದ್ದೇ ಇಲ್ಲ.
ಪುಸ್ತಕದಿಂದ ಕಣ್ಣೆತ್ತಿ, ಈಗ, ಏನನ್ನು ನೋಡುತ್ತಿದ್ದಾನೆ?

ಬೆಳಿಗ್ಗೆ ನೋಡಿದರೆ
ನನ್ನ ಹಳೆಯ ರೈಲು ಟಿಕೆಟು ತೊಂಬತ್ತೊಂದನೇ ಪುಟದಲ್ಲಿ,
ಅವನ ಸ್ಕೀ ಮೇಣದ ಬೆಳ್ಳಿ ಕಾಗದ ನೂರಾ ನಲವತ್ತೆಂಟರಲ್ಲಿ.
ಒಂದೇ ತಟ್ಟೆಯಿಂದ ಕಿತ್ತಳೆ ತಿನ್ನುವವರ ನಡುವೆ
ಐವತ್ತೇಳು ಪುಟ ಎಂಥ ದಪ್ಪ ಗೋಡೆ, ನೀವೇ ಹೇಳಿ.

ಯಾರು ಅಂತ ಗೊತ್ತಾಯ್ತಾ?
ಸಿಪ್ಪೆ ಸುಲಿಯುತ್ತ ನಕ್ಕ. ಆ ನಗು
ಹೋದ ವರ್ಷವೂ ಹೀಗೇ ಇತ್ತೇ, ನೆನಪಾಗಲಿಲ್ಲ.

ಅವನು ಸ್ಕೀ ಕಟ್ಟಿಕೊಂಡು ಹೊರಟ. ಹಿಮ ಕಣ್ಣು ಕುಕ್ಕುತ್ತಿತ್ತು.
ಗೋಡೆಗೆ ಬೆನ್ನು ಕೊಟ್ಟು, ಬಿಸಿಲಿಗೆ ಮುಖ ಕೊಟ್ಟು,
ಹಿಮಸಾರಂಗದ ಚರ್ಮದ ಮೇಲೆ ಕೂತು ಓದಿದೆ.
ನೂರಾ ಹತ್ತು. ನೂರಾ ಇಪ್ಪತ್ತಾರು.
ಇಲ್ಲಿ ಅವನ ಹೆಬ್ಬೆರಳಿನ ಕಿತ್ತಳೆ ಕಲೆ,
ಹೆಂಡತಿ ಸುಳ್ಳು ಹೇಳುವ ಸಾಲಿನ ಮೇಲೇ.
ಇಲ್ಲೇ ಯಾಕೆ ನಿಂತ?
ಎದ್ದು ಒಳಗೆ ಹೋಗಿ ನೋಡಿದೆ.
ಉಪ್ಪಿನ ಡಬ್ಬಿ ಎಡಕ್ಕಿತ್ತು.

ನಮ್ಮಲ್ಲಿ ಅದು ಯಾವಾಗಲೂ ಯಾವ ಕಡೆ ಇರುತ್ತದೆ?
ಹದಿನೇಳು ಈಸ್ಟರ್ ಇದೇ ಒಲೆಯ ಗಂಜಿಗೆ ಉಪ್ಪು ಹಾಕಿದ ಕೈ
ಉತ್ತರ ಕೊಡದೆ ಗಾಳಿಯಲ್ಲಿ ನಿಂತಿತು.

ಬೆಳಕು ಇಳಿಯುವ ಮೊದಲು ಅವನ ಬೆಳ್ಳಿ ಕಾಗದವನ್ನು ದಾಟಿದೆ,
ದಾಟುವಾಗ ಪರರ ಬೇಲಿ ಹಾರಿದ ಹಾಗೆ ಎದೆ ಡವಡವ.
ಇನ್ನೂರಾ ಮೂವತ್ತರಲ್ಲಿ ಗೊತ್ತಾಯಿತು:
ಉಪ್ಪು ಸರಿಸಿದವಳು, ಗಡಿಯಾರ ತಿರುಗಿಸಿದವಳು
ಮೊದಲ ಪುಟದಿಂದ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಬಂದವಳೇ.
ಗಂಡ ಹಣೆ ಮುಟ್ಟಿದ್ದು ಬರೀ ಜ್ವರ ನೋಡಲು.
ಯಾರೂ ಕುಂಬಳಕಾಯಿ ಕಳ್ಳ ಎನ್ನಲಿಲ್ಲ;
ನನ್ನ ಕೈ ತಾನಾಗಿ ಹೆಗಲು ತಡವಿತು.

ಹೊರಗೆ ಹಿಮದ ಮೇಲೆ ಕಿರ್ರೆಂದು ಸದ್ದು.
ಟಿಕೆಟನ್ನು ಮತ್ತೆ ತೊಂಬತ್ತೊಂದಕ್ಕೇ ಸಿಕ್ಕಿಸಿದೆ.
ಒಳಗೆ ಬಂದ, ಹುಬ್ಬಿನ ಮೇಲೆ ಹಿಮದ ಪುಡಿ.
ಎಷ್ಟಾಯ್ತು, ಗುನ್‌ವೋರ್?
ಒಂದು ಪುಟವೂ ಇಲ್ಲ, ಬಿಸಿಲಿಗೆ ಕಣ್ಣೆಳೆದುಬಿಟ್ಟಿತು, ಎಂದೆ.
ಅವನು ಕೈಗವಸು ಕಳಚಿ
ನನ್ನ ಹಣೆ ಮುಟ್ಟಿ ನೋಡಿದ.

ಅವನಿಗೆ ನಾನು ಹೇಳಿದ ಮೊದಲ ಸುಳ್ಳು ಅದು.
ಉಳಿದದ್ದೆಲ್ಲ ನಡೆದ ಹಾಗೆಯೇ ಬರೆದಿದ್ದೇನೆ.
ಉಪ್ಪಿನ ಡಬ್ಬಿ, ಈಗ ನೋಡಿದೆ, ಬಲಕ್ಕಿದೆ.