ಚಕ್ಕುಬಂದಿ

ಪೂರ್ವಕ್ಕೆ ಟಾಂಗಾ ಬುಡನ್ ಸಾಬರ ಕುದುರೆ ಲಾಯ,
ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಮುನಿಸಿಪಾಲಿಟಿ ಚರಂಡಿ,
ದಕ್ಷಿಣಕ್ಕೆ ಪಿಂಚಣಿದಾರ್ ರಂಗರಾಯರ ಹಿತ್ತಲು,
ಈ ಮಧ್ಯೆ ಇರುವ ಹೆಂಚಿನ ಮನೆ
ಎನ್ನುತ್ತದೆ ಹಳೇ ಕ್ರಯಪತ್ರ.
ಮಡಿಕೆಯಲ್ಲಿ ಹರಿದದ್ದನ್ನು ಯಾರೋ
ಹಿಂದೆ ಮಲ್ಲಿನ ಬಟ್ಟೆ ಅಂಟಿಸಿ ಉಳಿಸಿದ್ದಾರೆ.

ದಳ್ಳಾಳಿ ಯೋಗಣ್ಣ ಬೈಕು ನಿಲ್ಲಿಸಿದಲ್ಲಿ
ಲಾಯ ಇಲ್ಲ, ಸ್ಕೂಟರ್ ಶೋರೂಮು.
"ಕುದುರೆ ಹೋಗಿ ಕರೆಂಟಿನ ಗಾಡಿ ಬಂತು ಮೇಡಂ,
ಪೆನ್ಷನ್ ಮೊಹಲ್ಲಾ ಮೊದಲಿನ ಹಾಗಲ್ಲ ಈಗ.
ಆ ಮೂಲೇಲಿ ಕೆಫೆ ನೋಡಿ, ಒಂದು ಕಾಫಿ ನೂರಿಪ್ಪತ್ತು.
ಏರ್‌ಪೋರ್ಟ್ ಒಂದು ಬಂದುಬಿಡಲಿ, ಆಮೇಲೆ ಕೈಗೆ ಸಿಗಲ್ಲ."
ಏರ್‌ಪೋರ್ಟು
ನಾನು ನರ್ಸಿಂಗ್ ಓದುವಾಗಲೂ ಬರುತ್ತಲೇ ಇತ್ತು.

ಪೆನ್ಷನ್ ಆದವರು ಕಟ್ಟಿಕೊಂಡ ಕೇರಿಯಂತೆ, ಯೋಗಣ್ಣನ ಮಾತು.
ನಾನು ಹೊಸ ಸ್ಕೀಮಿನ ನೌಕರಳು,
ಅದಿಲ್ಲದೆ ಬರುತ್ತಿದ್ದೇನೆ.

ಬಾಗಿಲು ಹೊಸಿಲನ್ನು ಕಚ್ಚಿ ಹಿಡಿದಿತ್ತು.
"ನಮ್ಮೂರ ಅಮ್ಮನೂ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋದು"
ಎಂದು ನಗುತ್ತ ಭುಜ ಕೊಟ್ಟು ನೂಕಿದ.
ಒಳಗೆ ಬಾವಲಿ ವಾಸನೆ,
ಕೆಂಪು ಗಾರೆ ನೆಲ,
ಕಂಬದ ಬುಡದಲ್ಲಿ ಯಾರೋ ಒಬ್ಬರೇ ದಿನಾ ಕೂತು
ಸವೆಸಿದ ಒಂದು ತಟ್ಟೆಯಷ್ಟು ತಗ್ಗು.

ಗೋಡೆಗೆ ಬೆರಳಿನ ಗೆಣ್ಣು ತಟ್ಟಿ ಕಿವಿಯಿಟ್ಟೆ,
ಎದೆ ತಟ್ಟಿ ನೋಡುವ ಡಾಕ್ಟರರ ಹಾಗೆ.
ಬಲಕ್ಕೆ ಗಟ್ಟಿ. ಎಡಕ್ಕೆ ಟೊಳ್ಳು, ಗೆದ್ದಲು.
"ಬದುಕುತ್ತೆ" ಅಂದೆ.
ಯೋಗಣ್ಣನಿಗೆ ಅರ್ಥವಾಗಲಿಲ್ಲ.
"ಮನೆ ಯಾರಿಗೆ ಬೇಕು ಮೇಡಂ,
ನಾನು ಹೇಳ್ತಿರೋದು ಸೈಟಿನ ರೇಟು.
ಕೆಡವೋ ಖರ್ಚು ಅವರೇ ಮುರಕೋತಾರೆ."

ಕೆಡವೋ ಖರ್ಚು ಎಂಬತ್ತು ಸಾವಿರ ಕಳೆದರು.
ಅದರಲ್ಲೇ ಹೆಂಚು ಕೊಂಡೆ.

ಪತ್ರ ಬರೆಯುವವನು ಕನ್ನಡಕದ ಮೇಲಿಂದ ನೋಡಿ
"ಹೇಮಾವತಿ... ಕೋಂ?" ಎಂದು ತಡೆದ.
ಬಿನ್ ಬರೀರಿ. ಬಿನ್ ಲೇಟ್ ತಮ್ಮಣ್ಣಶೆಟ್ಟಿ.
ಅವನ ಬೆರಳು ಕೀಲಿಮಣೆಯ ಮೇಲೆ ಒಂದು ಗಳಿಗೆ ನಿಂತು
ಆಮೇಲೆ ಬರೆಯಿತು.
ಚಕ್ಕುಬಂದಿ ಬದಲಿಸೋಣವೆ ಅಂದೆ, ಲಾಯ ಎಲ್ಲಿದೆ ಈಗ?
"ಹಳೇದು ಹೇಗಿದೆಯೋ ಹಾಗೇ ಇರಲಿ ಬಿಡಿ,
ಬ್ಯಾಂಕಿನವರು ತಾಳೆ ನೋಡ್ತಾರೆ."
ಹಾಗಾಗಿ ನನ್ನ ಪೂರ್ವದಲ್ಲಿ ಈಗಲೂ
ಕುದುರೆಗಳು ಹುಲ್ಲು ಮೇಯುತ್ತಿವೆ.

ವಾರಸುದಾರರು ಒಂಬತ್ತು ಜನ.
ಎಂಟು ಸಹಿ ಮುಗಿದು
ಜೈತುನ್ ಬೀಯ ಹೆಬ್ಬೆರಳು ಉಳಿಯಿತು.
ಬೀಡಿ ಕಟ್ಟಿ ಕಟ್ಟಿ ಗೆರೆಯೆಲ್ಲ ಅಳಿಸಿದ ಬೆರಳು,
ಮಿಷನ್ ಮೂರು ಸಲ ಕೆಂಪು ತೋರಿಸಿತು.
ಮೊಮ್ಮಗ ಸೀರೆ ಸೆರಗಿಗೆ ಒರೆಸಿದ,
ಗುಮಾಸ್ತ ಊಟದ ಹೊತ್ತಾಯಿತು ಎಂದ.
ಕೊನೆಗೆ ನಾನೇ ಆ ಕೈ ಎಳೆದುಕೊಂಡೆ,
ನರ ಸಿಗದವರಿಗೆ ವಾರ್ಡಿನಲ್ಲಿ ಮಾಡುವ ಹಾಗೆ
ಉಜ್ಜಿದೆ, ಊದಿದೆ, ಮುಷ್ಟಿಯಲ್ಲಿಟ್ಟು ಬಿಸಿ ಮಾಡಿದೆ.
ಹಸಿರು.
"ನಿನ್ನ ಕೈ ಬೆಚ್ಚಗಿದೆ ಬೇಟಿ" ಎಂದಳು,
ಕಂಬದ ಹತ್ತಿರದ ತಗ್ಗು ಅವಳದ್ದಾ
ಎಂದು ಕೇಳಲು ಬಾಯಿ ಬರಲಿಲ್ಲ.

ಇಷ್ಟರಲ್ಲಿ ಜವರಪ್ಪನ ಮಾತು ಹೇಳಲೇ ಇಲ್ಲ ನಾನು.
ಬೀದಿಗೆ ಮುಖ ಮಾಡಿದ ಜಗಲಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಅವನ ಇಸ್ತ್ರಿ ಮೇಜು.
ಬಾಡಿಗೆ ಇಲ್ಲ, ಕರಾರು ಇಲ್ಲ,
ಸಾಬರ ಮನೆಯ ಬಟ್ಟೆಗೆ ಕಾಸು ತೆಗೆದುಕೊಂಡವನಲ್ಲ.
ನಾನು ಬೀಗ ತೆಗೆದ ದಿನ
ಇದ್ದಿಲ ಚೀಲದ ಬಾಯಿ ಕಟ್ಟಿಟ್ಟುಕೊಂಡು
ಕೇಳುವ ಮೊದಲೇ ಎದ್ದು ನಿಂತಿದ್ದ.
ಕೂತ್ಕೊಳಿ ಅಂದೆ. ಅಷ್ಟೇ ಅಂದದ್ದು.

ಕೆಫೆ ಹುಡುಗ ಬಂದು ಹೋದ,
ಜಗಲಿಯೊಂದಕ್ಕೇ ತಿಂಗಳಿಗೆ ಹನ್ನೆರಡು ಸಾವಿರ,
ಎರಡು ಮೇಜು, ತೂಗುದೀಪ, ಗೋಡೆ ಹೀಗೇ ಹಳೇದಿರಲಿ.
ನನ್ನ ಕಂತು ಹದಿನೆಂಟು ಸಾವಿರದ ಇನ್ನೂರು.
ಹೂಂ ಅಂದಿಲ್ಲ. ಉಹೂಂ ಅಂತಲೂ ಅಂದಿಲ್ಲ.
ಪತ್ರ ತೆಗೆದು ಮತ್ತೆ ಓದಿದೆ:
ಪೂರ್ವಕ್ಕೆ ಕುದುರೆ ಇದೆ, ಉತ್ತರಕ್ಕೆ ಚರಂಡಿ ಇದೆ,
ಜವರಪ್ಪನಿಗೆ ದಿಕ್ಕಿಲ್ಲ.

ಇವತ್ತು ಸಂಜೆ ನನ್ನ ಬಿಳಿ ಯೂನಿಫಾರ್ಮು ಮಡಿಸಿ ಕೊಟ್ಟು
ದುಡ್ಡು ಬೇಡ ಎಂದ.
ತೊಗೊಳ್ಳಿ ಅಂದೆ, ಜಗಳದ ಹಾಗೆ, ಎರಡು ಸಲ.
ಮೇಜಿನ ಮೇಲಿಟ್ಟ ಇಪ್ಪತ್ತು ರೂಪಾಯಿಯನ್ನು
ಅವನು ಮುಟ್ಟದೆ ಇದ್ದಿಲು ಊದುತ್ತಿದ್ದ.

ನೈಟ್ ಡ್ಯೂಟಿಗೆ ಹೊರಟೆ,
ಬೆನ್ನ ಮೇಲೆ ಬಟ್ಟೆ ಇನ್ನೂ ಬಿಸಿ.